ಮಾರಿಸ್ಸೋ, ಆಸ್ಟಿನ್ನೋ

“ಎರಡರಲ್ಲಿ ಯಾವುದಕ್ಕೆ ಜೀವ ಜಾಸ್ತಿ ಇದೆ, ಮೇಸ್ತ್ರಿ?”

ಶೆಡ್ಡಿನಲ್ಲಿ ಮೆಕ್ಯಾನಿಕ್ ಕಪ್ಪು ಆಸ್ಟಿನ್ನಿನ ಬಾನೆಟ್ಟಿನಿಂದ ತಲೆ ಹೊರಗೆಳೆದ. ಒಂದು ಕಾರು ಉಳಿಸಬೇಕು, ಇನ್ನೊಂದನ್ನು ಗುಜರಿಗೆ ಕತ್ತರಿಸಬೇಕು ಎಂದು ಮನೆಯೊಡತಿಯೇ ಅವನನ್ನು ಕರೆಸಿದ್ದಳು.

“ಇದ್ರಲ್ಲೇನೂ ಉಳಿದಿಲ್ಲಮ್ಮಾ. ತಳ ಎಲ್ಲ ತುಕ್ಕು. ಸೀಟಲ್ಲಿ ಇಲಿ ಸಂಸಾರ ಹೂಡಿದೆ.”

ಪಕ್ಕದಲ್ಲಿ ಹಸಿರು ಮಾರಿಸ್ ಮದುವಣಗಿತ್ತಿಯಂತೆ ನಿಂತಿತ್ತು. ಎರಡೂ ಇಂಗ್ಲೆಂಡಿನಿಂದ ಹಡಗೇರಿ ಬಂದವು, ಹೆಚ್ಚುಕಡಿಮೆ ಒಂದೇ ಪ್ರಾಯದವು. ಅವನು ಮಾರಿಸ್ಸಿನ ಬಾಗಿಲು ತೆಗೆದು ಮುಚ್ಚಿದ. ಧಪ್ಪೆಂದು ತುಂಬಿದ ಸದ್ದು. ಕೀಲಿ ತಿರುಗಿಸಿದೊಡನೆ ಎಂಜಿನ್ ಬೆಕ್ಕಿನಂತೆ ಗುರುಗುಟ್ಟಿತು. ಅವನ ಮುಖ ಅರಳಿತು.

“ಮಗೂನ ಸಾಕಿದ ಹಾಗೆ ಸಾಕಿದಾರೆ ಇದನ್ನ!”

“ನಮ್ಮೆಜಮಾನ್ರು. ಅವರ ಕೊನೇ ಮಾತೂ ಇದರದ್ದೇ. ‘ಮಾರಿಸ್‌ಗೆ ಹೊದಿಕೆ ಹಾಕಿದ್ಯಾ?’ ಅಂದ್ರು. ಅಷ್ಟೇ.”

ಮೆಕ್ಯಾನಿಕ್ ಎಂಜಿನ್ ಆರಿಸಿ ಕೆಳಗಿಳಿದ. “ದೇವರು ಶಾಂತಿ ಕೊಡ್ಲಿ ಅವರಿಗೆ.”

“ಶಾಂತಿಗೇನು, ಬೇಕಾದಷ್ಟಿದೆ.”

“ಇದ್ರಲ್ಲಿ ಇಬ್ರೂ ತುಂಬ ಸುತ್ತಿರ್ಬೇಕು?”

“ಒಂದು ಸಲಾನೂ ಕೂತಿಲ್ಲ ನಾನು.”

ಅವಳು ಬೇರೆಯವರ ಮನೆಯ ಸುದ್ದಿಯೆಂಬಂತೆ ಹೇಳಿದಳು. ಆಗ ಅವಳು ತುಂಬು ಬಸುರಿ. ನೋವು ಶುರುವಾಗಿ ಸೀರೆ ಒದ್ದೆಯಾಗಿತ್ತು. ಗಂಡ ಮಾರಿಸ್ಸಿನ ಬಾಗಿಲಿಗೆ ಅಡ್ಡ ನಿಂತ. ‘ತೊಗಲಿನ ಸೀಟು ಕಣೇ, ಕಲೆಯಾದ್ರೆ ಹೋಗಲ್ಲ. ಆಸ್ಟಿನ್ನಲ್ಲಿ ಹೋಗೋಣ.’ ಆಸ್ಟಿನ್ನಿನ ಬ್ಯಾಟರಿಯನ್ನು ಅವನೇ ಕಿತ್ತು ಮಾರಿಸ್‌ಗೆ ಹಾಕಿದ್ದ. ಅದನ್ನು ಬಿಚ್ಚಿ ಮತ್ತೆ ಆಸ್ಟಿನ್ನಿಗೆ ಜೋಡಿಸುವವರೆಗೆ ಅವಳು ಶೆಡ್ಡಿನ ನೆಲದ ಮೇಲೆ ಹೊರಳಾಡಿದಳು. ಆಸ್ಪತ್ರೆಯಲ್ಲಿ ನರ್ಸು, ಸ್ವಲ್ಪ ಮುಂಚೆ ಬರಬಾರದಿತ್ತೇ ಎಂದಳು. ಹೆಣ್ಣುಮಗು. ಅಳಲೇ ಇಲ್ಲ. ಮತ್ತೆ ಮಕ್ಕಳೂ ಆಗಲಿಲ್ಲ.

ಮೆಕ್ಯಾನಿಕ್ ಬಹಳ ಹೊತ್ತು ಕೈ ಒರೆಸಿಕೊಂಡ. “ಕಣ್ಣೆದುರು ಬೇಡ ಅನ್ಸಿದ್ರೆ ಮಾರಿಸ್ ನನಗೆ ಕೊಡಿಮ್ಮಾ. ಚೆನ್ನಾಗಿ ನೋಡ್ಕೋತೀನಿ.”

“ಬೇಡ. ಕತ್ತರಿಸಿ.”

“ಆಸ್ಟಿನ್ನಾ?”

“ಮಾರಿಸ್.”

“ಅಯ್ಯೋ! ಯಜಮಾನ್ರು ನೋಡಿದ್ರೆ ಎದೆ ಒಡ್ಕೋತಿದ್ರು.”

“ಅಂಗಳಕ್ಕೆ ತಳ್ಕೊಂಡು ಹೋಗಿ ಮಾಡಿ. ಇಲ್ಲಿ ಕತ್ತಲು. ಅವಸರ ಏನಿಲ್ಲ, ನಿಧಾನಕ್ಕೇ ಆಗ್ಲಿ.”

ಗ್ಯಾಸ್ ಕಟರಿನ ನೀಲಿ ಜ್ವಾಲೆ ತಗುಲಿ ಹಸಿರು ಬಣ್ಣ ಗುಳ್ಳೆಯೆದ್ದಿತು. ಮೊದಲ ಬಾಗಿಲು ಕಳಚಿ ಕಲ್ಲುಹಾಸಿನ ಮೇಲೆ ಬಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲು ಹತ್ತಿದಳು.

ಮಹಡಿಯ ಕೋಣೆಯಲ್ಲಿ, ಲಕ್ವ ಹೊಡೆದು ಮಾತೂ ಮೈಯೂ ಬಿದ್ದುಹೋಗಿದ್ದ ಗಂಡನ ತಲೆಯನ್ನು ಎರಡೂ ಕೈಗಳಲ್ಲಿ ಹಿಡಿದು, ಮೆಲ್ಲಗೆ ಕಿಟಕಿಯಾಚೆಯ ಅಂಗಳದ ಕಡೆಗೆ ತಿರುಗಿಸಿದಳು.