ನೂರಕ್ಕೆ ಮೂರು

"ಇದನ್ನ ನೀವ ಬರದೀರಿ ಮೇಡಂ. ಮತ್ಯಾಕ ತಡಾ?" ಗುತ್ತಿಗೆದಾರ ಮಹಾಲಿಂಗಪ್ಪ ಎಂಜಿನಿಯರ್ ಮದಿಹಾಳ ಮುಂದೆ ಅವಳದೇ ಕಾಲೇಜು ಪ್ರಬಂಧ ಹಿಡಿದ. ನೂರು ಪಾಲು ಮಣ್ಣಿಗೆ ಮೂರು ಪಾಲು ಸುಣ್ಣ ಬೆರೆಸಿದರೆ ರಸ್ತೆ ಬಿರಿಯುವುದಿಲ್ಲ ಎಂದು ಅದರಲ್ಲಿತ್ತು. ದುಂಡಸಿ ಊರಿನ ಹೊಲದ ದಾರಿಯಲ್ಲಿ ರೋಲರ್ ಗುಡುಗುತ್ತ ಅವಳ ಸಹಿಗೆ ಕಾದಿತ್ತು.

ಆ ಲೆಕ್ಕ ಹಳೆಯ ಸಂಶೋಧನೆಯೊಂದರದು. ಅವಳು ಅದನ್ನು ಓದಿರಲಿಲ್ಲ. ಅದನ್ನು ಹೆಸರಿಸಿದ ಬೇರೆ ಲೇಖನದಿಂದ ಎತ್ತಿಕೊಂಡಿದ್ದಳು. ಈಗ ಡಿಜಿಟಲ್ ಲೈಬ್ರರಿಯಲ್ಲಿ ಹುಡುಕಿ, ಮೂಲವನ್ನೇ ಮೊಬೈಲಿನಲ್ಲಿ ತೆರೆದಳು. ಮೂರನೇ ಪುಟದಲ್ಲಿ ಬೆರಳು ನಿಂತಿತು. ಪರೀಕ್ಷೆ ನಡೆದದ್ದು ಕೆಂಪು ಮಸಾರಿ ಮಣ್ಣಿನ ಮೇಲೆ.

ಅವಳು ಬಗ್ಗಿ ಕಾಲಡಿಯ ಮಣ್ಣು ತೆಗೆದು, ಬಾಟಲಿಯ ನೀರು ಹನಿಸಿ ಅಂಗೈಯಲ್ಲಿ ಹೊಸೆದಳು. ಅಂಟು ಜೇಡಿಯಂತೆ ಕರಿ ದಾರದ ಎಳೆ ಬಂತು, ತುಂಡಾಗಲಿಲ್ಲ.

"ಇದು ಯಾವ ಮಣ್ಣರಿ?"

"ಎರಿ, ಕರಿ ಮಣ್ಣು. ಇಲ್ಲೆಲ್ಲಾ ಎರೀನ ಐತ್ರಿ."

"ಈ ಲೆಕ್ಕ ಮಸಾರೀದು. ಎರಿ ಮಳಿಗೆ ಉಬ್ಬಿ ಬಿಸಲಿಗೆ ಬಿರೀತೈತಿ, ಇದಕ್ಕ ಮೂರು ಸಾಲಲಿಕ್ಕಿಲ್ಲ. ರೋಲರ್ ಬಂದ್ ಮಾಡಸ್ರಿ. ಈ ಮಣ್ಣು ಪರೀಕ್ಷೆ ಮಾಡಿಸಿ ಹೇಳ್ತೇನಿ."

"ಹಂಗಾದ್ರ ತಪ್ಪು ಯಾರದರಿ?"

ಮದಿಹಾ ಅವನ ಕೈಯಿಂದ ಪ್ರಬಂಧ ತೆಗೆದುಕೊಂಡಳು. 'ಮೂರು' ಎಂಬುದಕ್ಕೆ ಸುತ್ತು ಹಾಕಿ, 'ಮಸಾರಿಗೆ ಮಾತ್ರ. ಮೂಲ ಓದದೆ ಬರೆದಿದ್ದೆ' ಎಂದು ಪಕ್ಕದಲ್ಲಿ ಬರೆದಳು. ಅದರ ಕೆಳಗೆ ಸಹಿ ಮಾಡಿದಳು.