ಕತ್ತು ಬಿಗಿ

ಕೆರೆಯ ನಡುವೆ ಟೈಲರಮ್ಮನ ಉಸಿರು ಕಟ್ಟಿತು. ವರ್ಷದ ಮೊದಲ ಸ್ಪರ್ಧೆ; ಈಜು, ಸೈಕಲ್ಲು, ಓಟ ಮೂರೂ ಇರುವಂಥದ್ದು. ಈಜೇ ಇನ್ನೂ ಅರ್ಧ ಮುಗಿದಿರಲಿಲ್ಲ. ಕೊರೆಯುವ ನೀರಿಗೆಂದು ಗೆಳತಿಯಿಂದ ಎರವಲು ತಂದ ರಬ್ಬರ್ ಸೂಟು ಗಂಟಲು ಅದುಮುತ್ತಿತ್ತು. ಸೂಟಲ್ಲ, ಹಾರ್ಟೇ ಇರಬೇಕು ಎನಿಸಿತು. ಅಪ್ಪ ಹೋದದ್ದೂ ಇದೇ ನಲವತ್ತೇಳನೇ ವಯಸ್ಸಿನಲ್ಲಿ, ಹೀಗೇ ಗಂಟಲು ಹಿಡಿದುಕೊಂಡು.

ಕತ್ತು ಬಿಗಿಯೆಂದು ಬಟ್ಟೆ ವಾಪಸ್ ತಂದವರನ್ನೆಲ್ಲ ಇಪ್ಪತ್ತು ವರ್ಷದಿಂದ "ಹಾಕ್ತಾ ಹಾಕ್ತಾ ಸರಿಹೋಗುತ್ತೆ" ಎಂದು ಸಾಗಹಾಕಿದ್ದಳು. ಈಗ ಅದನ್ನೇ ತನಗೂ ಹೇಳಿಕೊಂಡು ನಾಲ್ಕು ಸಲ ಕೈ ಬೀಸಿ ಈಜಿದಳು. ಸರಿಹೋಗಲಿಲ್ಲ. ಕಣ್ಣು ಕತ್ತಲಿಟ್ಟಿತು. ಸಹಾಯಕ್ಕೆ ಕೈಯೆತ್ತಿದಳು.

ಕಾವಲು ದೋಣಿಯವಳು ಹುಟ್ಟು ಹಾಕುತ್ತ ಬಂದು, ದೋಣಿಯ ಅಂಚು ಹಿಡಿಸಿ, ಅವಳ ಕತ್ತನ್ನೇ ನೋಡಿದಳು. "ಅಕ್ಕ, ಸೂಟು ಹಿಂದುಮುಂದಾಗಿದೆ. ಜಿಪ್ಪು ಬೆನ್ನಿಗೆ ಬರ್ಬೇಕು."

"ಹಾರ್ಟ್ ಅಲ್ವಾ?"

"ಅಲ್ಲ ಅಕ್ಕ, ಜಿಪ್ಪು."

ಟೈಲರಮ್ಮ ಜಿಪ್ಪನ್ನು ಗೇಣುದ್ದ ಕೆಳಗೆಳೆದಳು. ತಣ್ಣೀರು ಎದೆಗೆ ನುಗ್ಗಿತು, ಹಿಂದೆಯೇ ಉಸಿರೂ ಬಂತು.

"ದೋಣಿ ಹತ್ತುತ್ತೀರಾ? ಇವತ್ತಿಗೆ ಸಾಕಾ?"

"ಬೇಡ. ಒಂದು ಉಪಕಾರ ಮಾಡು ತಾಯಿ," ಎನ್ನುತ್ತ ಅವಳು ಅಂಚು ಬಿಟ್ಟಳು. "ಕೈ ಯಾಕೆ ಎತ್ತಿದ್ಲು ಅಂತ ದಡದಲ್ಲಿ ಯಾರಾದ್ರೂ ಕೇಳಿದ್ರೆ ಹಾರ್ಟ್ ಅಂತಾನೇ ಹೇಳು. ನಾನು ಟೈಲರ್."