ಕಡೆಯ ಖಾನೆ

ಚಂದ್ರನ ಗಣಿಗೆ ಹೋದವರಿಗೆ ಹೆಸರಿನ ಬದಲು ಒಂದೊಂದು ಅಕ್ಷರ. ದಿನವೂ ಬೆಳಿಗ್ಗೆ, ಬದುಕಿರುವವರ ಅಕ್ಷರಗಳ ಸಾಲು ಕಚೇರಿಗೆ ಬರುತ್ತಿತ್ತು. ಯಂತ್ರ ಒಂದೊಂದೇ ಖಾನೆ ನೋಡುತ್ತ ಸಾಗಿ, ಕೇಳಿದ ಅಕ್ಷರ ಸಿಕ್ಕಲ್ಲೇ ಗಂಟೆ ಬಾರಿಸುತ್ತಿತ್ತು.

ನೀಲವ್ವ ಗಂಡನ ಅಕ್ಷರ ಕೊಟ್ಟು ಕಿಟಕಿಯ ಸರಳು ಹಿಡಿದು ನಿಂತಳು. ಎಷ್ಟು ಹೊತ್ತಾದರೂ ಗಂಟೆ ಕೇಳಲಿಲ್ಲ.

"ಇನ್ನ ಒಂದ ಖಾನಿ ಉಳದೈತಿ, ತಂಗೀ," ಎಂದ ಗುಮಾಸ್ತ.

"ನಿಲ್ಲಸ್ರಿ, ಸಾಹೇಬ್ರ!"

"ಕಡೀ ಖಾನಿ ನೋಡ್ಲಾರದ ಇಲ್ಲಂತ ಹೇಳಾಕ ಬರೂದಿಲ್ಲ, ತಂಗೀ."

"ಅದಕ್ಕರೀ, ನಿಲ್ಲಸ್ರಿ ಅನ್ನಾಕತ್ತೀನಿ."

ಗುಮಾಸ್ತ ತಲೆಯೆತ್ತದೆ ಯಂತ್ರ ನಿಲ್ಲಿಸಿದ.

ಹೊರಗಿನ ಕಟ್ಟೆಯ ಮೇಲೆ, ಹೀಗೆಯೇ ನಿಲ್ಲಿಸಿ ಬಂದು ಮನೆಗೆ ಹೋಗಲಾರದ ಹೆಂಗಸರು ಕೂತಿದ್ದರು. ಒಬ್ಬಳು ಸರಿದು ಜಾಗ ಮಾಡಿದಳು.

"ಬಾ ಯವ್ವಾ, ಕೂಡು. ನಂದು ನಿಲ್ಲಸಿ ಈ ದೀಪಾವಳಿಗೆ ನಾಕ ವರ್ಷಾತು."